ಇಂಗಿನ ಹೊಗೆ ಕುಡಿದ ಜಾಡಿಗಳು

ಆರೆಂಜ್ ವೈನ್ ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಕಿತ್ತಳೆ ಹಣ್ಣು ಎಲ್ಲಿಂದ ತರಿಸ್ತೀರಿ? ಉತ್ತರ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಕಿತ್ತಳೆಯೂ ಇಲ್ಲ, ಮೂಸಂಬಿಯೂ ಇಲ್ಲ ಸ್ವಾಮಿ, ಅದು ಬಿಳಿ ದ್ರಾಕ್ಷಿಯದು. ಬಿಳಿ ವೈನ್ ಮಾಡುವವರು ಸಾಮಾನ್ಯವಾಗಿ ದ್ರಾಕ್ಷಿ ಹಿಂಡಿ ರಸ ಇಟ್ಟುಕೊಂಡು ಸಿಪ್ಪೆ ಎಸೆಯುತ್ತಾರೆ. ಇದರಲ್ಲಿ ಎಸೆಯುವುದಿಲ್ಲ. ಸಿಪ್ಪೆ, ಬೀಜ ಎಲ್ಲವನ್ನೂ ರಸದ ಜೊತೆಗೇ ತುಂಬಿ, ತನ್ನಷ್ಟಕ್ಕೆ ತಾನು ಹುದುಗೆದ್ದ ಮೇಲೆ ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ. ಸಿಪ್ಪೆಯ ಬಣ್ಣವೂ ಒಗರೂ ಇಳಿದು, ತೆರೆದಾಗ ಕಿತ್ತಳೆ ಬಣ್ಣದ ವೈನ್ ಇರುತ್ತದೆ. ಜಾರ್ಜಿಯಾ ದೇಶದ ಹಳ್ಳಿಗಳಲ್ಲಿ ನೆಲದಲ್ಲಿ ಹೂತ ಮಣ್ಣಿನ ಹರವಿಗಳಲ್ಲಿ ತಲೆತಲಾಂತರದಿಂದ ಹೀಗೇ ಮಾಡುತ್ತಾ ಬಂದಿದ್ದಾರೆ.

ಇಷ್ಟನ್ನೆಲ್ಲ ನಾನು ಈಗ ಹೇಳುವುದು ಕಾಮಾಕ್ಷಿಪಾಳ್ಯದ ಒಂದು ವಿನಿಗರ್ ಕಂಪನಿಯ ಕ್ಯಾಂಟೀನಿನಲ್ಲಿ, ತಣ್ಣಗಾದ ಕಾಫಿ ಮುಂದೆ ಇಟ್ಟುಕೊಂಡು. "ವೈನ್ ಮಾಡ್ತಿದ್ದವರು ಇಲ್ಲಿಗ್ಯಾಕೆ ಬಂದ್ರಿ ಮೇಡಂ?" ಅನ್ನುತ್ತಾರೆ ಜೊತೆ ಕೆಲಸದವರು. ವೈನ್ ಕೆಟ್ಟರೆ ವಿನಿಗರ್ ತಾನೇ, ನಾನೂ ಹಾಗೇ ಬಂದೆ ಅನ್ನುತ್ತೇನೆ. ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ನಮ್ಮದು ವಿಜಾಪುರದ ಕಡೆಯಿಂದ ಬಂದು ಬಸವೇಶ್ವರನಗರದಲ್ಲಿ ನೆಲೆಯೂರಿದ ಮನೆತನ. ಅಪ್ಪನಿಗೆ ರಾಜಾಜಿನಗರದಲ್ಲಿ ಒಣದ್ರಾಕ್ಷಿ, ಗೋಡಂಬಿಯ ಸಗಟು ವ್ಯಾಪಾರ. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ, ಪೂಜೆಯಾಗದೆ ಬಾಯಿಗೆ ನೀರು ಹಾಕದ ಮನುಷ್ಯ. ಅಂಥವರು ವೈನರಿ ಇಟ್ಟರಾ ಎಂದರೆ, ಹೌದು, ಇಟ್ಟರು. ದ್ರಾಕ್ಷಿ ವ್ಯಾಪಾರದ ಸ್ನೇಹಿತರು ಯಾರೋ ತಲೆಯಲ್ಲಿ ಹುಳ ಬಿಟ್ಟರು. ಕೆಂಗೇರಿಯಾಚೆ ಇದ್ದ ನಮ್ಮ ಗೋಡೌನಿಗೆ ಲೈಸೆನ್ಸ್ ಮಾಡಿಸಿ, ಕಪ್ಪು ದ್ರಾಕ್ಷಿಯ ಸಿಹಿ ವೈನ್ ಮಾಡಿ ಮಾರತೊಡಗಿದರು. ಮಾರೋದು ಬೇರೆ, ಮುಟ್ಟೋದು ಬೇರೆ ಎಂಬುದು ಅವರ ಸಿದ್ಧಾಂತ. ಮುಂದಿನ ಆಫೀಸು ರೂಮಿನವರೆಗೆ ಬಂದು ಕೂರುತ್ತಿದ್ದರು. ಅದರ ಹಿಂದೆ, ವೈನ್ ಇದ್ದ ಹಾಲ್‌ನ ಹೊಸ್ತಿಲನ್ನು ಒಂದು ದಿನವೂ ದಾಟಲಿಲ್ಲ. ತಮ್ಮದೇ ವೈನರಿಯನ್ನು ಬಾಗಿಲಿನಲ್ಲಿ ನಿಂತು ನೋಡಿದ ಮಾಲೀಕರು ಈ ಪ್ರಪಂಚದಲ್ಲಿ ನಮ್ಮಪ್ಪ ಒಬ್ಬರೇ ಇರಬೇಕು.

ಅಮ್ಮ ಅಷ್ಟೂ ಬರುತ್ತಿರಲಿಲ್ಲ. ಆಯುಧಪೂಜೆಗೆ ಬಂದರೂ ಗೇಟಿನ ಹೊರಗೆ ಕಾರಿನಲ್ಲೇ ಕೂತು ತೆಂಗಿನಕಾಯಿ, ಹೂವನ್ನು ಒಳಗೆ ಕಳಿಸುತ್ತಿದ್ದಳು. ಅವಳ ತವರಿನವರು ದ್ರಾಕ್ಷಿ ಬೆಳೆಗಾರರು. ನೆರಳಿನ ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿಸಿ ಒಣದ್ರಾಕ್ಷಿ ಮಾಡುವವರು. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಗಿ ಅವಳ ಮಾತು ಇಲ್ಲಿಯದೇ ಆಗಿಹೋಗಿದೆ. ಸಿಟ್ಟು ಬಂದಾಗ ಮಾತ್ರ ಬಾಯಿಗೆ ವಿಜಾಪುರ ಬರುತ್ತದೆ. ಅವಳಿಗೆ ಸಿಟ್ಟು ಬರುವುದೇ ಅಪರೂಪ, ಅಪ್ಪನ ಮೇಲಂತೂ ನಾನು ಕಂಡೇ ಇರಲಿಲ್ಲ.

ಮೈಕ್ರೋಬಯಾಲಜಿ ಓದಿ, ಆಮೇಲೆ ವೈನ್ ಮಾಡುವ ಕೋರ್ಸ್ ಮುಗಿಸಿ, ಜಾರ್ಜಿಯಾದಲ್ಲಿ ಒಂದು ಸುಗ್ಗಿ ಪೂರ್ತಿ ಹರವಿ ತೊಳೆದು ಬಂದವಳು ನಾನು. ಮನೆಯಲ್ಲಿ ವೈನ್ ಬಲ್ಲವಳು ನಾನೊಬ್ಬಳೇ. "ನೀನೂ ಕುಡೀತೀಯಾ?" ಎಂದು ಅಮ್ಮ ಅಳುಕುತ್ತಾ ಕೇಳಿದರೆ, "ಬಾಯಿಗೆ ಹಾಕ್ಕೊಂಡು ಉಗುಳ್ತೀನಿ" ಅನ್ನುತ್ತಿದ್ದೆ. ಉಗುಳುತ್ತಿದ್ದೆನೆಂಬುದು ನಿಜ. ಎಲ್ಲ ಸಲವೂ ಅಲ್ಲ.

ಸಿಹಿ ವೈನ್ ಕೊಳ್ಳುವವರು ಕಡಿಮೆಯಾಗುತ್ತಾ ಬಂದು ವೈನರಿ ಸೊರಗಿತು. ಮದುವೆ ಮನೆಗಳಿಗೆ ಡೆಕೋರೇಷನ್ ಮಾಡಿಸುವ ವ್ಯವಹಾರದಲ್ಲಿದ್ದ ನನ್ನ ತಮ್ಮ, "ಸುಮ್ನೆ ಖಾಲಿ ಮಾಡ್ಸಿ ಪಾರ್ಟಿ ಹಾಲ್ ಮಾಡೋಣಪ್ಪಾ, ಪಾರ್ಕಿಂಗ್ ಬೇರೆ ಇದೆ" ಎಂದು ಅಪ್ಪನ ಕಿವಿ ಕಚ್ಚುತ್ತಿದ್ದ. ನಾನು ಅಡ್ಡ ನಿಂತೆ. ಸೋದರಮಾವನ ತೋಟದ ಬಿಳಿ ದ್ರಾಕ್ಷಿ ತರಿಸಿ ಆರೆಂಜ್ ವೈನ್ ಮಾಡುತ್ತೇನೆ, ಈ ಊರಿನಲ್ಲಿ ಅದನ್ನು ಹುಡುಕಿಕೊಂಡು ಬಂದು ಕುಡಿಯುವವರಿದ್ದಾರೆ ಎಂದು ಜಗಳವಾಡಿದೆ. ಊಟದ ತಟ್ಟೆಯ ಮುಂದೆ ಅಪ್ಪ ಕೊನೆಗೆ ಹೇಳಿದರು.

"ಆಯ್ತು, ಈ ಸುಗ್ಗಿ ನಿನ್ನದು. ಚೆನ್ನಾಗಿ ಬಂತಾ, ವೈನರಿ ನೀನೇ ನೋಡ್ಕೊ, ನಾವ್ಯಾರೂ ಬಾಯಿ ಹಾಕಲ್ಲ. ಬರಲಿಲ್ವಾ, ನಿನ್ನ ತಮ್ಮ ಹೇಳ್ದಂಗೆ."

ಮಗಳಿಗೆ ಅಂತ ಆ ಮನೆಯಲ್ಲಿ ಅದುವರೆಗೆ ಯಾರೂ ಅಷ್ಟು ದೊಡ್ಡ ಮಾತು ಆಡಿರಲಿಲ್ಲ.

ನೆಲದಲ್ಲಿ ಹರವಿ ಹೂಳುವ ಶಕ್ತಿ ನಮಗಿರಲಿಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೆಯ ಉಪ್ಪಿನಕಾಯಿ ಫ್ಯಾಕ್ಟರಿಯೊಂದು ಬಾಗಿಲು ಹಾಕುತ್ತಿತ್ತು. ಅವರ ಪಿಂಗಾಣಿ ಜಾಡಿಗಳು ನನ್ನ ಎದೆಮಟ್ಟಕ್ಕೆ ಬರುವಂಥವು, ಕಂದು ಬಣ್ಣದವು. ನೋಡಿದ ಕೂಡಲೇ ಇವೇ ಎಂದು ಮನಸ್ಸು ಹೇಳಿತು. ತಂದು, ಸೋಡಾ ನೀರು ಕುದಿಸಿ ಹಾಕಿ, ಉಜ್ಜಿ, ಬಿಸಿಲಿಗಿಟ್ಟು, ಮತ್ತೆ ಉಜ್ಜಿ, ಮಾವಿನಕಾಯಿ, ಮೆಣಸಿನಕಾಯಿ, ಸಾಸಿವೆಯ ವಾಸನೆಯನ್ನು ಅವುಗಳ ಹೊಟ್ಟೆಯಿಂದ ಹೊರಡಿಸಿದೆ. ತಲೆಯನ್ನು ಜಾಡಿಯೊಳಗೆ ತೂರಿಸಿ ಉಸಿರೆಳೆದರೆ ಏನೇನೂ ಬರಬಾರದು, ಖಾಲಿ ಕೋಣೆಯ ಗಾಳಿಯಂತಿರಬೇಕು. ಕೈ ಚರ್ಮ ಸುಲಿದುಹೋಯಿತು. ಮನೆಯಲ್ಲಿ ಅಮ್ಮ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ, "ಜಾಡಿ ತೊಳ್ದು ಹಾಗೇ ತುಂಬ್ತೀಯಾ? ಹೊಗೆ ಕೊಡಲ್ವಾ?" ಎಂದು ಕೇಳಿದಳು. "ಇದಕ್ಕೆಲ್ಲ ಅದು ಬೇಡಮ್ಮ" ಅಂದೆ. ಅವಳು ತಲೆಯಾಡಿಸಿದಳು. ಅಲ್ಲಿಗೆ ಮಾತು ಮುಗಿಯಿತು ಅಂದುಕೊಂಡೆ.

ಶಿವರಾತ್ರಿ ಕಳೆದ ಮೇಲೆ ಮಾವನ ತೋಟದಲ್ಲಿ ಹಣ್ಣು ಕೊಯ್ದರು. ಅದು ಬರಬೇಕಾದ ದಿನ ಪೂಜೆ ಮಾಡೋಣ ಎಂದು ತಮ್ಮನೇ ಅಪ್ಪ ಅಮ್ಮನನ್ನು ಕಾರಿನಲ್ಲಿ ಕರೆತಂದ. ಆದರೆ ದ್ರಾಕ್ಷಿಯ ಲಾರಿ ನೆಲಮಂಗಲದ ಹತ್ತಿರ ಕೆಟ್ಟು ನಿಂತುಬಿಟ್ಟಿತು. ಬಿಸಿಲೇರಿದರೆ ಹಣ್ಣು ಕ್ರೇಟಿನಲ್ಲೇ ಬೇಯುತ್ತದೆ. ಟೆಂಪೊ ಗೊತ್ತುಮಾಡಿಕೊಂಡು ಹೋಗಿ, ಡ್ರೈವರಿನ ಜೊತೆ ಬಾಯಿ ಜೋರು ಮಾಡಿ, ಕ್ರೇಟುಗಳನ್ನು ಬದಲಾಯಿಸಿ ತರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ವಾಪಸು ಬಂದಾಗ ಹಾಲ್ ತುಂಬ ಸಾಂಬ್ರಾಣಿ. ಅದರ ಜೊತೆ ಇಂಗು. ಆಫೀಸಿನ ಮೇಜಿನ ಮೇಲೆ ಅಮ್ಮ ಮಾಡಿ ತಂದ ಪುಳಿಯೋಗರೆ, ಒಗ್ಗರಣೆ ಹಾಕಿದ ಮಜ್ಜಿಗೆ ಇದ್ದವು. ನಮ್ಮ ಮನೆಯವರ ಬಟ್ಟೆಬರೆಯಲ್ಲೇ ಇಂಗು ಇರುತ್ತದೆ. ಹುಟ್ಟಿದಾಗಿನಿಂದ ಆ ವಾಸನೆಯಲ್ಲಿ ಬೆಳೆದವಳು ನಾನು, ಅದು ನನಗೆ ವಾಸನೆಯೇ ಅಲ್ಲ. ಪುಳಿಯೋಗರೆಯದು ಎಂದುಕೊಂಡು ಬಾಗಿಲು ಕಿಟಕಿ ತೆರೆಸಿದೆ. ದ್ರಾಕ್ಷಿ ಕಾದಿತ್ತು, ನಿಂತು ಮೂಸುವ ಹೊತ್ತು ಅದಾಗಿರಲಿಲ್ಲ. ಹಣ್ಣು ಬಿಡಿಸಿ, ಒಡೆದು, ಸಿಪ್ಪೆ ಬೀಜ ಸಮೇತ ಎಲ್ಲ ಜಾಡಿಗಳಿಗೂ ತುಂಬಿದೆವು. ಅಮ್ಮ ಆಗಲೇ ಕಾರಿನಲ್ಲಿ ಹೋಗಿ ಕೂತಿದ್ದಳು. ಕಿಟಕಿಯಿಂದ ನನ್ನನ್ನು ನೋಡಿ, "ಎಲ್ಲ ಒಳ್ಳೇದಾಗತ್ತೆ, ಹೋಗು" ಅಂದಳು.

ಎರಡು ದಿನದಲ್ಲೇ ರಸ ಹುದುಗೆದ್ದು ಗುಳುಗುಳು ಅನ್ನತೊಡಗಿತು. ಸಿಪ್ಪೆಯೆಲ್ಲ ಮೇಲೆ ಬಂದು ಗಟ್ಟಿ ಪದರ ಕಟ್ಟುತ್ತದೆ. ಬೆಳಗ್ಗೆ, ಸಂಜೆ ಮರದ ಹುಟ್ಟಿನಿಂದ ಅದನ್ನು ರಸದೊಳಗೆ ಅದುಮಬೇಕು; ಬಿಟ್ಟರೆ ಒಣಗಿ ಬೂಷ್ಟು ಹಿಡಿಯುತ್ತದೆ. ಆಗಲೇ ಅದು ಮೂಗಿಗೆ ಬಂತು. ಹಣ್ಣಿನ ವಾಸನೆಯ ಅಡಿಯಲ್ಲಿ ಕೊಳೆತ ಈರುಳ್ಳಿಯಂಥದ್ದೇನೋ. ಯೀಸ್ಟಿಗೆ ಹೊಟ್ಟೆಗೆ ಸಾಲದಿದ್ದರೆ ಅದು ಗಂಧಕದ ವಾಸನೆ ಬಿಡುತ್ತದೆ ಎಂದು ಓದಿಕೊಂಡಿದ್ದೆ. ಅದಕ್ಕೆ ಆಹಾರ ಹಾಕಿದೆ, ಗಾಳಿಯಾಡಿಸಿದೆ, ವೈನ್ ಕಲಿಸಿದ ಗುರುಗಳಿಗೆ ಫೋನ್ ಮಾಡಿದೆ. ವಾಸನೆ ಜಪ್ಪಯ್ಯ ಅನ್ನಲಿಲ್ಲ. ವಿಚಿತ್ರವೆಂದರೆ ಮೂಲೆಯಲ್ಲಿದ್ದ ಒಂದೇ ಒಂದು ಜಾಡಿಯಲ್ಲಿ ಅದು ಇರಲಿಲ್ಲ. ಅದೇ ತೋಟದ ಹಣ್ಣು, ಅದೇ ದಿನ ತುಂಬಿದ್ದು, ಅದೇ ಕೈ. ಯಾಕೆ ಹೀಗೆ ಎಂದು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಕೊನೆಗೆ ಕಾಲವೇ ಸರಿಮಾಡಲಿ ಎಂದು ಮುಚ್ಚಳ ಬಿಗಿಸಿ, ಮಳೆಗಾಲ ಮುಗಿಯುವುದನ್ನು ಕಾದೆ.

ದಸರೆ ಕಳೆದು ತೆರೆದಾಗ ಬಣ್ಣ ನೋಡಿ ಕಣ್ಣು ತುಂಬಿತು. ಕಿತ್ತಳೆಗೂ ಜೇನಿಗೂ ನಡುವಿನ ಬಣ್ಣ, ಗಾಜಿನ ಲೋಟಕ್ಕೆ ಬಿಸಿಲು ಬಿದ್ದರೆ ಉರಿಯುವಂತಿತ್ತು. ಮೂಲೆಯ ಜಾಡಿಯದನ್ನು ಬಾಯಿಗಿಟ್ಟೆ. ಒಣಗಿದ ಏಪ್ರಿಕಾಟ್, ಒಳ್ಳೆ ಡಿಕಾಕ್ಷನ್ನಿನ ಒಗರು, ಹಿಂದೆಯೇ ಒಂಚೂರು ಜೇನು. ಉಗುಳಲಿಲ್ಲ, ನುಂಗಿದೆ. ಇಂಥದ್ದನ್ನು ನಾನು ಮಾಡಿದೆನಾ ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಆಮೇಲೆ ಬೇರೆ ಜಾಡಿಗಳದನ್ನು ಕುಡಿದೆ. ಎಲ್ಲದರಲ್ಲೂ ಅದೇ ಕೊಳಕು ವಾಸನೆ, ಈಗ ಇನ್ನೂ ಆಳಕ್ಕಿಳಿದು ಕೂತಿತ್ತು.

ಅದರ ಮರುವಾರ ಮನೆಯಲ್ಲಿ ಅಮ್ಮ ನಿಂಬೆಕಾಯಿ ಉಪ್ಪಿನಕಾಯಿ ಹಾಕುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಿಗೊರಗಿ ನಿಂತಿದ್ದೆ. ತೆಂಗಿನ ಚಿಪ್ಪಿನ ಕೆಂಡವನ್ನು ಬಾಂಡ್ಲಿಗೆ ಹಾಕಿದಳು, ಒಂದು ತೊಟ್ಟು ಎಣ್ಣೆ ಬಿಟ್ಟಳು, ಒಂದು ಚೂರು ಇಂಗು ಉದುರಿಸಿದಳು. ಹೊಗೆ ಬುಸ್ಸೆಂದು ಎದ್ದ ತಕ್ಷಣ ಜಾಡಿಯನ್ನು ಅದರ ಮೇಲೆ ಬೋರಲು ಹಾಕಿದಳು. ಬೂಷ್ಟು ಬರದಿರಲಿ ಎಂದು ನಮ್ಮಲ್ಲಿ ಉಪ್ಪಿನಕಾಯಿ ಜಾಡಿಗೆ ಹೀಗೆ ಇಂಗಿನ ಹೊಗೆ ಕೊಟ್ಟೇ ತುಂಬುವುದು. ಆ ಹೊಗೆಯ ಎಳೆಯೊಂದು ನನ್ನ ಕಡೆ ಬಂತು. ಅದೇ ವಾಸನೆ, ನನ್ನ ಜಾಡಿಗಳದು. ಕೊಳೆತ ಈರುಳ್ಳಿಯೂ ಅಲ್ಲ, ಹಸಿದ ಯೀಸ್ಟೂ ಅಲ್ಲ.

"ಅಮ್ಮಾ," ಅಂದೆ. "ಆವತ್ತು ನನ್ನ ಜಾಡಿಗೇನಾದ್ರೂ..."

"ಹಾಕ್ದೆ ಕಣೇ," ಎಂದಳು, ತಿರುಗಿಯೂ ನೋಡದೆ, ದನಿಯಲ್ಲಿ ನಗು. "ನೀನು ಲಾರಿ ತರಕ್ಕೆ ಹೋಗಿದ್ಯಲ್ಲ, ಆವಾಗ. ಇಸ್ತ್ರಿ ಅಂಗಡಿಯಿಂದ ನಿನ್ನ ತಮ್ಮ ಕೆಂಡ ತಂದುಕೊಟ್ಟ. ಒಂದೊಂದು ಜಾಡಿ ಒಳಗೂ ಬಾಂಡ್ಲಿ ಇಳಿಸಿ, ಮುಚ್ಚಳ ಮುಚ್ಚಿ, ಚೆನ್ನಾಗಿ ಹೊಗೆ ಹಿಡ್ಸಿದೀನಿ. ಮೂಲೇದೊಂದಕ್ಕೆ ಮಾತ್ರ ಕೆಂಡ ಸಾಲ್ಲಿಲ್ಲ. ಅದೊಂದು ಮನಸ್ಸಿಗೆ ಕೊರೀತಾನೇ ಇದೆ. ಕೆಟ್ಟೋಯ್ತಾ ಅದು?"

"ನೀನು ಒಳಗೆ ಹೋಗಿದ್ಯಾ?"

"ಮತ್ತೆ? ಜಾಡಿ ಹೊರಗೆ ಬರತ್ತಾ?"

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ಸತ್ತಿತು. ನನ್ನಮ್ಮ, ಕಾರಿನಿಂದ ಕೆಳಗಿಳಿಯದ ನನ್ನಮ್ಮ, ಅಪ್ಪ ಆಫೀಸಿನಲ್ಲಿ ಕೂತಿರುವಾಗಲೇ ಅವರ ಕಣ್ಣೆದುರು ಆ ಹೊಸ್ತಿಲು ದಾಟಿದ್ದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೆಂಡದ ಕೋಣೆಯಲ್ಲಿ ಬಗ್ಗಿ ಬಗ್ಗಿ ಎದ್ದಿದ್ದಳು. ನನಗೋಸ್ಕರ. ವೈನಿನವರು ಪೀಪಾಯಿಗೆ ಗಂಧಕದ ಹೊಗೆ ಹಾಕುವುದುಂಟು. ಅವಳು ತನಗೆ ಗೊತ್ತಿದ್ದ ಹೊಗೆ ಹಾಕಿದಳು. ಮನೆಯಲ್ಲಿ ಇನ್ನೊಬ್ಬರು ಯಾರಾದರೂ ಒಂದು ತೊಟ್ಟು ಕುಡಿಯುವವರಾಗಿದ್ದರೆ ಬೇಡ ಎಂದು ಕೈ ಹಿಡಿಯುತ್ತಿದ್ದರು. ನಮ್ಮ ಶುದ್ಧವಾದ ಮನೆಯಲ್ಲಿ ಅಂಥವರಿರಲಿಲ್ಲ. ನಾನು ಇಂಗು ತಿಂದ ಮಂಗನ ಹಾಗೆ ನಿಂತೆ. "ಇಲ್ಲಮ್ಮ, ಕೆಟ್ಟಿಲ್ಲ, ಅದೂ ಚೆನ್ನಾಗಿದೆ" ಎಂದಷ್ಟೇ ಹೇಳಿದೆ.

ಹೋದದ್ದು ಹೋಯಿತು, ಮೂಲೆಯ ಜಾಡಿ ಇದೆಯಲ್ಲ ಎಂದುಕೊಂಡೆ. ಅಪ್ಪ ಕೇಳಿದ್ದು ಚೆನ್ನಾಗಿ ಬರಬೇಕು ಅಂತ. ಒಂದು ಜಾಡಿ ಚೆನ್ನಾಗಿ ಬಂದಿದ್ದರೂ ನನಗೆ ಕೆಲಸ ಬರುತ್ತದೆ ಎಂದು ತೋರಿಸಿದಂತಾಗುತ್ತದೆ. ದೀಪಾವಳಿಯ ನಂತರ, ಊರಿನ ದೊಡ್ಡ ಹೋಟೆಲುಗಳಿಗೆ ವೈನ್ ಆರಿಸಿಕೊಡುವ ಒಬ್ಬರನ್ನು ಕರೆಸಿದೆ. ಅವರು ಮೆಚ್ಚಿದರೆ ಮಾಲು ಹೋದಂತೆಯೇ. ಅಪ್ಪನೂ ಆಫೀಸಿನಲ್ಲಿ ಬಂದು ಕೂತರು. ತಮ್ಮ ಹೊಸ ಶರ್ಟು ಹಾಕಿಕೊಂಡು ಬಂದಿದ್ದ.

ಬಂದವರಿಗೆ ಮೂಲೆಯ ಜಾಡಿಯದನ್ನು ಕೊಟ್ಟೆ. ಮೂಸಿದರು, ಬಾಯಲ್ಲಿ ಆಡಿಸಿದರು, ಕಣ್ಣರಳಿಸಿದರು. "ಎಕ್ಸಲೆಂಟ್ ಮೇಡಂ. ಜಾರ್ಜಿಯಾದ್ದೇ ಕುಡ್ದಂಗಿದೆ" ಎಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಆಮೇಲೆ ಲೋಟ ಕೆಳಗಿಟ್ಟು, "ಆದ್ರೆ ಜಾರ್ಜಿಯಾದ್ದೇ ನನಗೆ ಸಿಗತ್ತಲ್ವಾ? ಇದ್ರಲ್ಲಿ ನಿಮ್ದು ಅಂತ ಏನಿದೆ?" ಅಂದರು.

ಏನಿದೆ ಎಂದರೆ ಏನು ಹೇಳುವುದು? ಮಾವನ ತೋಟ ಇದೆ, ಸುಲಿದ ನನ್ನ ಅಂಗೈ ಇದೆ. ನಾನು ತಡವರಿಸುತ್ತಿರುವಾಗಲೇ ತಮ್ಮ ಒಳಗೆ ಹೋಗಿ ಇನ್ನೊಂದು ಜಾಡಿಯಿಂದ ಲೋಟ ತುಂಬಿಕೊಂಡು ಬಂದ. ಬೇಡ ಕಣೋ ಎಂದು ಕಣ್ಣು ಬಿಟ್ಟೆ. ಅವನು ನನ್ನ ಕಡೆ ನೋಡಲೇ ಇಲ್ಲ.

ಅವರು ಮೂಸಿದರು. ಹುಬ್ಬು ಗಂಟಾಯಿತು. ಇನ್ನೊಮ್ಮೆ ಮೂಸಿದರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಏನ್ರೀ ಇದು? ಸಾರಿನ ಒಗ್ಗರಣೆ ಇದ್ದಂಗಿದೆ! ಇಂಥದ್ದು ನಾನು ಎಲ್ಲೂ ಕುಡ್ದಿಲ್ಲ."

"ನಮ್ಮ ಮನೆತನದ ಮೆಥಡ್ ಸಾರ್," ಎಂದ ನನ್ನ ತಮ್ಮ. ಒಂದು ಕ್ಷಣ ತಡೆಯಲಿಲ್ಲ. "ಅಜ್ಜಿ ಕಾಲದಿಂದ ಬಂದಿದ್ದು. ಜಾಡಿಗೆ ಇಂಗಿನ ಹೊಗೆ ಕೊಟ್ಟೇ ವೈನ್ ಹಾಕೋದು."

ನಮ್ಮ ಅಜ್ಜಿ! ಹೆಂಡದಂಗಡಿ ಇರುವ ರಸ್ತೆ ಎಂದು ಸುತ್ತುಬಳಸಿ ಮಠಕ್ಕೆ ಹೋಗುತ್ತಿದ್ದ ಮುದುಕಿ. ನಾನು ಅಪ್ಪನ ಮುಖ ನೋಡಿದೆ. ಪೂಜೆ ಮಾಡದೆ ನೀರು ಕುಡಿಯದ ನಮ್ಮಪ್ಪ, ಹೆತ್ತ ತಾಯಿಯನ್ನು ಮಗ ವೈನ್ ಮಾಡುವವಳನ್ನಾಗಿ ಮಾಡಿದ್ದನ್ನು ಕೇಳಿಯೂ ಕೂತಲ್ಲೇ ಕೂತಿದ್ದರು. ಬಂದವರು ಹೊಗೆಯ ಜಾಡಿಗಳಷ್ಟನ್ನೂ ಒಪ್ಪಿಕೊಂಡು, ಮುಂದಿನ ಸುಗ್ಗಿಯದೂ ತಮಗೇ ಬೇಕು ಎಂದು ಹೇಳಿ ಹೋದರು. ನಾನು ಮಾಡಿದ ವೈನ್ ಚೆನ್ನಾಗಿದೆ ಎನ್ನಿಸಿಕೊಂಡು ಅಲ್ಲೇ ಉಳಿಯಿತು. ಹಾಳಾದ ವೈನ್ ಮಾರಾಟವಾಯಿತು.

"ಅಪ್ಪ, ಅದು ತಪ್ಪಿನಿಂದಾದ ವಾಸನೆ" ಎಂದೆ, ಬಂದವರ ಕಾರು ಗೇಟು ದಾಟಿದ ಕೂಡಲೇ.

"ಗಿರಾಕಿಗೆ ಬೇಕಾದ್ದು ತಪ್ಪು ಹೇಗಾಗತ್ತೆ?"

"ಹೋಗ್ಲಿ. ನೀವು ಮಾತು ಕೊಟ್ಟಿದ್ರಿ. ವೈನರಿ ನಾನು ನೋಡ್ಕೊಳ್ಳೋದು ಅಂತ."

ಅಪ್ಪ ಟೋಪಿ ಸರಿಮಾಡಿಕೊಂಡರು. "ಚೆನ್ನಾಗಿ ಬಂದ್ರೆ ಅಂತ ಹೇಳಿದ್ದೆ. ಚೆನ್ನಾಗಿ ಬಂದಿದ್ದು ನಿಮ್ಮಮ್ಮನ ಕೈದು. ಇಂಗು ತೆಂಗು ಇದ್ರೆ ಮಂಗಾನೂ ಅಡುಗೆ ಮಾಡತ್ತಂತೆ. ಹೊಗೆ ಹಾಕಕ್ಕೆ ಅಷ್ಟೊಂದು ಓದು ಯಾಕೆ? ನಿನ್ನ ತಮ್ಮ ನೋಡ್ಕೋತಾನೆ. ನಿನಗೂ ಒಂದು ಗಂಡು ನೋಡ್ತಾ ಇದೀನಿ."

"ಹಾಗಾದ್ರೆ ಅಮ್ಮನ ಹೆಸರಿಗೆ ಮಾಡಿಕೊಡಿ ವೈನರಿನ," ಎಂದೆ. "ಅವಳ ಕೈದು ತಾನೇ?"

ಅಪ್ಪ ಎದ್ದು ಚಪ್ಪಲಿ ಹುಡುಕತೊಡಗಿದರು. ತಮ್ಮ ಫೋನಿನಲ್ಲಿ ಯಾರಿಗೋ "ಡೀಲ್ ಆಯ್ತು ಮಗಾ" ಎನ್ನುತ್ತಾ ಹೊರಗೆ ನಡೆದ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರುವುದನ್ನು ಗಾದೆಯಲ್ಲಿ ಕೇಳಿದ್ದೆ. ಅಂದು ಕಣ್ಣಾರೆ ಕಂಡೆ. ಸಿಟ್ಟು ಅನ್ನುವುದು ಸಣ್ಣ ಮಾತು. ನನಗೆ ಆ ಜಾಡಿಗಳನ್ನೆಲ್ಲ ಕಲ್ಲು ಎತ್ತಿಹಾಕಿ ಒಡೆಯಬೇಕು ಅನ್ನಿಸಿತ್ತು. ಒಡೆಯಲಿಲ್ಲ. ನಾನೇ ತಿಕ್ಕಿ ತೊಳೆದ ಜಾಡಿಗಳು.

ಮೂಲೆಯ ಜಾಡಿಯನ್ನಾದರೂ ಬಾಟಲಿಗೆ ತುಂಬಿಸಿಕೊಳ್ಳೋಣವೆಂದು ಮರುದಿನ ಹೋದರೆ ಅದು ಖಾಲಿಯಾಗಿತ್ತು. ಎಲ್ಲ ಒಂದೇ ಥರ ಇರಲಿ ಎಂದು ತಮ್ಮ ಅದನ್ನು ಬೇರೆ ಜಾಡಿಗಳದರ ಜೊತೆ ಟ್ಯಾಂಕಿಗೆ ಸುರಿಸಿದ್ದ. "ವೇಸ್ಟ್ ಆಗ್ಬಾರ್ದಲ್ವಾ ಅಕ್ಕ" ಎಂದ. ಬಂದವರಿಗೆ ತೋರ್ಪಡಿಸಲು ಹಿಂದಿನ ದಿನ ತುಂಬಿದ್ದ ಒಂದು ಬಾಟಲಿ ಆಫೀಸಿನ ಕಪಾಟಿನಲ್ಲಿ ಉಳಿದಿತ್ತು. ಅದನ್ನು ಬ್ಯಾಗಿಗೆ ಹಾಕಿಕೊಂಡು ಹೊರಟವಳು ಮತ್ತೆ ಅಲ್ಲಿಗೆ ಹೋಗಲಿಲ್ಲ. ಚಂದ್ರಾ ಲೇಔಟಿನಲ್ಲಿ ಒಂದು ಮನೆಯ ಮೇಲಿನ ರೂಮು ಬಾಡಿಗೆಗೆ ಹಿಡಿದೆ, ವಿನಿಗರ್ ಕಂಪನಿಗೆ ಸೇರಿದೆ. ಹೆಣ್ಣು ನೋಡುವ ಕಾರ್ಯಕ್ರಮಕ್ಕೆ ಒಂದು ಸಲ ಕರೆದರು. ಹೋಗಲಿಲ್ಲ.

ಅಷ್ಟರಲ್ಲಿ ವೈನರಿಯ ಮುಂದೆ ಬೋರ್ಡು ಬಂತು. ಒಬ್ಬಳು ಅಜ್ಜಿಯ ಚಿತ್ರ, ಮುಂದೆ ಜಾಡಿ, ಜಾಡಿಯಿಂದ ಏಳುವ ಹೊಗೆ, ಕೆಳಗೆ 'ಅಜ್ಜಿಯ ಕಾಲದ ವಿಧಾನ' ಎಂದು ದೊಡ್ಡ ಅಕ್ಷರ. ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನಲ್ಲಿ ನಿಂತಾಗ ತಮ್ಮ ಅದರ ಫೋಟೊ ಕಳಿಸಿದ. ಫೋನನ್ನು ಹಳಿಯ ಮೇಲೆ ಎಸೆಯದೆ ಇದ್ದದ್ದು ನನ್ನ ದೊಡ್ಡತನ.

ಸಂಕ್ರಾಂತಿಯ ಎಳ್ಳು ಬೀರಲು ಅಮ್ಮ ನನ್ನ ರೂಮಿಗೆ ಬಂದಳು, ಆಟೋದಲ್ಲಿ, ಒಬ್ಬಳೇ. ಮಗಳು ಯಾಕೆ ಮನೆ ಬಿಟ್ಟಳು ಎಂಬುದು ಅವಳಿಗೆ ಪೂರ್ತಿ ಗೊತ್ತಿರಲಿಲ್ಲ; ಅಪ್ಪನ ಜೊತೆ ಜಗಳ, ಹಟ, ಎಂದು ತಿಳಿದಿದ್ದಳು. ಎಳ್ಳಿನ ಡಬ್ಬಿ ಇಡಲು ಜಾಗ ಹುಡುಕುತ್ತಾ ಕಿಟಕಿಯ ಹತ್ತಿರ ಹೋದವಳ ಕಣ್ಣಿಗೆ ಬಾಟಲಿ ಬಿತ್ತು.

"ಇದು ನಿಂದಾ?"

"ಮೂಲೆ ಜಾಡೀದು."

"ಕೆಂಡ ಸಾಲದೆ ಬಿಟ್ಟಿದ್ನಲ್ಲ, ಅದಾ?" ಒಂದಷ್ಟು ಹೊತ್ತು ದೂರದಿಂದಲೇ ನೋಡಿದಳು. ಆಮೇಲೆ ಜನ್ಮದಲ್ಲಿ ಕೇಳದ್ದನ್ನು ಕೇಳಿದಳು. "ಮುಚ್ಚಳ ತೆಗಿ. ಮೂಸ್ತೀನಿ. ಮೂಸಿದ್ರೆ ಏನೂ ಆಗಲ್ಲ."

ತೆಗೆದು ಕೊಟ್ಟೆ. ಲೋಟ ಬೇಡವೆಂದಳು. ಬಾಟಲಿಯ ಬಾಯಿಯನ್ನು ಮೂಗಿನ ಹತ್ತಿರ ಹಿಡಿದು ನಿಂತಳು. ಅವಳ ಮುಖ ಸಡಿಲವಾಯಿತು.

"ನಮ್ಮಪ್ಪನ ಶೆಡ್ಡು," ಅಂದಳು. "ದ್ರಾಕ್ಷಿ ಅರ್ಧ ಒಣಗಿದಾಗ ಬೆಳಿಗ್ಗೆ ಪರದೆ ಎತ್ತಿದ್ರೆ ಹೀಗೇ ಬರೋದು. ನಾನು ಚಿಕ್ಕೋಳು, ಅಲ್ಲೇ ಕೆಳಗೆ ಮಲಗ್ತಿದ್ದೆ." ಮತ್ತೆ ಮೂಸಿದಳು. "ಬೇರೆ ಜಾಡೀವೂ ಹೀಗೇ ಇದ್ವಾ?"

ನಾನು ಎಳ್ಳಿನ ಡಬ್ಬಿ ಎತ್ತಿ ಕಪಾಟಿಗಿಡಲು ಹೋದೆ.

"ಕೇಳ್ತಿರೋದು ನಾನು. ನನ್ ಹೊಗೆಯಿಂದ ಹಾಳಾಯ್ತಾ?"

ಸುಳ್ಳು ಹೇಳುವವರು ನಮ್ಮ ಮನೆಯಲ್ಲಿ ಸಾಕಷ್ಟಿದ್ದರು. "ಹೌದಮ್ಮ," ಅಂದೆ.

"ಆವತ್ತೇ ಯಾಕ್ ಹೇಳ್ಲಿಲ್ಲ?"

"ನೀನು ಹೊಸ್ತಿಲು ದಾಟಿ ಬಂದಿದ್ಯಲ್ಲಮ್ಮ. ಹೇಗ್ ಹೇಳ್ಲಿ?"

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ನಾನೇ ಅತ್ತೆ. ಅಪ್ಪ ಕೊಟ್ಟ ಮಾತು, ಬಂದವರು ಹೇಳಿದ್ದು, ತಮ್ಮ ಹೇಳಿದ್ದು, ಮಂಗನ ಗಾದೆ, ಎಲ್ಲ ಹೊರಗೆ ಬಂತು. ಅವಳು ಬಾಟಲಿಗೆ ಮುಚ್ಚಳ ಒತ್ತಿ, ಸೆರಗಿನಿಂದ ಒರೆಸಿ, ಇದ್ದ ಜಾಗದಲ್ಲೇ ಇಟ್ಟಳು. "ಏಳು, ಚಪ್ಪಲಿ ಹಾಕ್ಕೊ. ನಿಮ್ಮಪ್ಪಂಗೆ ಹೇಳ್ಬೇಕು" ಎಂದಳು.

ಬಸವೇಶ್ವರನಗರದ ಮನೆಯಲ್ಲಿ ಅಪ್ಪ ಟಿವಿ ಮುಂದೆ ಕೂತಿದ್ದರು. ಅಮ್ಮ ಎದುರಿಗೆ ನಿಂತು ಒಂದೇ ಉಸಿರಿಗೆ ಹೇಳಿದಳು. "ರೀ, ವೈನ್ ಚೆನ್ನಾಗಿ ಮಾಡಿದ್ದು ಇವಳು. ಕೆಡಿಸಿದ್ದು ನಾನು. ಅಜ್ಜಿನೂ ಇಲ್ಲ, ಪದ್ಧತಿನೂ ಇಲ್ಲ. ನೀವು ಕೊಟ್ಟ ಮಾತಿನಂಗೆ ಅದು ಇವಳಿಗೆ ಸೇರಬೇಕು."

ಅಪ್ಪ ಟಿವಿಯ ಸದ್ದು ಕಡಿಮೆ ಮಾಡಿದರು. ನನಗೆ ಒಂದು ಗಳಿಗೆ, ಒಂದೇ ಗಳಿಗೆ, ಆಸೆ ಹುಟ್ಟಿತು.

"ಈಗ ಹೇಳಿ ಏನು ಪ್ರಯೋಜನ?" ಎಂದರು. "ಬೋರ್ಡು ಬರೆಸಾಗಿದೆ." ಸದ್ದು ಮತ್ತೆ ಜಾಸ್ತಿ ಮಾಡಿಕೊಂಡರು.

ಶಿವರಾತ್ರಿ ಕಳೆದು ಮತ್ತೆ ಸುಗ್ಗಿ ಬಂತು. ಹೊಗೆ ಹಾಕಲು ಬರಬೇಕೆಂದು ತಮ್ಮ ಅಮ್ಮನನ್ನು ಕರೆದನಂತೆ, ವಿಡಿಯೊ ಮಾಡಬೇಕಿತ್ತಂತೆ. ಅವಳು ಹೋಗಲಿಲ್ಲ. ಯಾರನ್ನೋ ಕೂಲಿಗೆ ಹಿಡಿದು ಹೊಗೆ ಹಾಕಿಸಿದರು, ಜಾಡಿ ತುಂಬಿಸಿದರು, ಯಾವುದೂ ನಿಲ್ಲಲಿಲ್ಲ. ನಾನಿಲ್ಲದೆ ಏನೂ ನಿಲ್ಲುವುದಿಲ್ಲ ಎಂಬುದು ನನಗೆ ಅರಗಲು ಬಹಳ ಕಾಲ ಹಿಡಿಯಿತು. ಈಗಲೂ ಪೂರ್ತಿ ಅರಗಿಲ್ಲ.

ಮಾವಿನಕಾಯಿಯ ಕಾಲ ಬಂದಾಗ, ಒಂದು ಭಾನುವಾರ ಅಮ್ಮ ಊಟಕ್ಕೆ ಕರೆದಳು. ಅವಳ ಮುಖ ನೋಡುವುದಕ್ಕೆಂದು ಹೋದೆ. ಅಪ್ಪ, ತಮ್ಮ ಕೂತಿದ್ದರು, ನಾನೂ ತುದಿಯಲ್ಲಿ ಕೂತೆ. ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಅಪ್ಪನಿಗೆ ಉಪ್ಪಿನಕಾಯಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ. ವರ್ಷವೂ ಅಮ್ಮ ಆ ಹೊತ್ತಿಗೆ ಜಾಡಿ ತುಂಬ ಹೊಸದು ಹಾಕಿರುತ್ತಿದ್ದಳು. ಅವರು ತಟ್ಟೆಯ ಬದಿ ನೋಡಿದರು, ಮೇಜಿನ ಮೇಲೆ ಹುಡುಕಿದರು.

"ಉಪ್ಪಿನಕಾಯಿ ಎಲ್ಲಿ?"

"ಈ ವರ್ಷ ಹಾಕಿಲ್ಲ."

"ಯಾಕೆ?"

ಅಮ್ಮ ರೊಟ್ಟಿಯ ಬುಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಅಷ್ಟು ದೊಡ್ಡ ಬೋರ್ಡ್ ಬರ್ಸೀರಲ್ರೀ," ಎಂದಳು, ಅಪ್ಪನೆದುರು ನಾನು ಎಂದೂ ಕೇಳದ ವಿಜಾಪುರದ ದನಿಯಲ್ಲಿ. "ಅದನ್ನ ಹಚ್ಕೊಂಡು ಉಣ್ರಿ."